ಮೈಸೂರು ಸೀಮೆಯಲ್ಲಿ ಪರದೇಶೀಯರ ಭೂಸ್ವಾಮ್ಯ

ಬೆಂಗಳೂರಿನಿಂದ ಬನ್ನೇರುಘಟ್ಟಕ್ಕೆ ಹೋಗುವ ಹಾದಿಯಲ್ಲಿರುವ ಬಿಳೇಕಹಳ್ಳಿಯು ಇಂದು ನಗರದ ಒಂದು ಭಾಗವೇ ಆಗಿಹೋಗಿದೆ. ಆದರೂ ಅಲ್ಲಿಯ ಕ್ರಯಪತ್ರಗಳನ್ನು ಬಿಚ್ಚಿ ನೋಡಿದರೆ ಬೆಂಗಳೂರು ದಕ್ಷಿಣ ತಾಲ್ಲೂಕು, ಬೇಗೂರು ಹೋಬಳಿ, ಬಿಳೇಕಹಳ್ಳಿ ಗ್ರಾಮ ಎಂಬ ಹಳೆಯ ಒಕ್ಕಣೆಯೂ, ಅದರ ಕೆಳಗೆ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥ ಓಣಿ ಎಂಬ ಚೆಕ್ಕುಬಂದಿಯೂ ಈಗಲೂ ಕಾಣಬರುತ್ತವೆ. ಹೊಲ ಹೋಗಿ ನಿವೇಶನವಾಯಿತು; ನಿವೇಶನದ ಮೇಲೆ ಅಂತಸ್ತಿನ ಮನೆಗಳೆದ್ದವು. 1973ರಲ್ಲಿ ಆರಂಭವಾದ ಭಾರತೀಯ ನಿರ್ವಹಣಾ ಸಂಸ್ಥೆಗೆ ರಾಜ್ಯ ಸರಕಾರವು ಇಲ್ಲಿಯೇ ನೂರು ಎಕರೆ ನೆಲವನ್ನು ಕೊಟ್ಟಿತು. ಬಾಲಕೃಷ್ಣ ದೋಶಿಯವರ ಯೋಜನೆಯಂತೆ ಅಲ್ಲಿ ಕಲ್ಲುಕಟ್ಟಡಗಳಾದುವು. ಈ ಸುತ್ತಿನ ಮನೆತನಗಳ ಮಕ್ಕಳು ವಿದ್ಯಾರ್ಜನೆಗೂ ಉದ್ಯೋಗಕ್ಕೂ ಕಡಲು ದಾಟಿದರು. ಅವರಲ್ಲಿ ಎಷ್ಟೋ ಮಂದಿ ಆಯಾ ದೇಶದ ಪ್ರಜೆಗಳೂ ಆದರು. ಪರದೇಶೀಯನು ಈ ನೆಲವನ್ನು ಯಾವ ಹಕ್ಕಿನಿಂದ ಹೊಂದಬಲ್ಲನು ಎಂಬ ಪ್ರಶ್ನೆಯು ಒಂದಾನೊಂದು ಕಾಲದಲ್ಲಿ ಕಾಫಿತೋಟದ ದೊರೆಗಳಿಗೆ ಮಾತ್ರ ಸೇರಿದ್ದಿತು. ಈಗ ಅದು ನಮ್ಮ ಮನೆಯ ಜಗಲಿಗೇ ಬಂದು ಕುಳಿತಿದೆ.

ಪರದೇಶಿ ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡರ್ಥಗಳುಂಟು. ಬೇರೆ ದೇಶದವನೆಂಬುದು ಒಂದು. ಹಿಂದುಮುಂದಿಲ್ಲದ ದಿಕ್ಕುಗೆಟ್ಟವನೆಂಬುದು ಇನ್ನೊಂದು. ಭೂಮಿಯ ವಿಷಯದಲ್ಲಿ ಕಾನೂನು ಈ ಎರಡರ್ಥಗಳನ್ನೂ ಒಟ್ಟಿಗೇ ಹಿಡಿದಂತೆ ತೋರುತ್ತದೆ. ಎಷ್ಟೇ ಹಣವಂತನಾದರೂ ನೆಲದ ಮುಂದೆ ಪರದೇಶೀಯನು ದಿಕ್ಕಿಲ್ಲದವನೇ. ಅವನಿಗಾಗಿ ರಾಜ್ಯಗಳು ಸಾಮಾನ್ಯವಾಗಿ ತೆರೆದಿಟ್ಟಿರುವ ಬಾಗಿಲು ಗುತ್ತಿಗೆಯೊಂದೇ. ಗುತ್ತಿಗೆಯೆಂದರೆ ಪ್ರತಿಫಲವನ್ನು ಕೊಟ್ಟು ಮತ್ತೊಬ್ಬರ ಸ್ವತ್ತನ್ನು ಅನುಭವಿಸುವ ಹಕ್ಕೆಂದು 1882ರ ಸ್ವತ್ತು ವರ್ಗಾವಣೆಯ ಶಾಸನವು ಹೇಳುತ್ತದೆ. ಅವಧಿ ತೀರಿದೊಡನೆ ಮನೆ ಕಟ್ಟಿದವನೂ ಮರ ನೆಟ್ಟವನೂ ಹೊರಗೆ ನಿಲ್ಲಬೇಕಾಗುವುದು. ಆದುದರಿಂದ ಗುತ್ತಿಗೆಗಿಂತ ಗಟ್ಟಿಯಾದ ಆಸರೆಯನ್ನು ಹುಡುಕುವುದು ಹೊರಗಿನಿಂದ ಬಂದವರಿಗೆ ಸಹಜವಾದುದು. ನಮ್ಮ ಸೀಮೆಯಲ್ಲಿ ಅವರು ಹುಡುಕಿದ ದಾರಿಗಳು ಯಾವುವು, ಅವುಗಳಲ್ಲಿ ಯಾವುದು ನಿಂತಿತು, ಯಾವುದು ಕುಸಿಯಿತು ಎಂಬುದೇ ಇಲ್ಲಿಯ ವಿಚಾರ.

ಇದು ನಮ್ಮ ದೇಶದ ಸಂಕುಚಿತ ಬುದ್ಧಿಯೆಂದು ಯಾರೂ ಎಣಿಸಬೇಕಾದುದಿಲ್ಲ. ಇಂಗ್ಲೆಂಡಿನಲ್ಲಿಯೇ 1870ರ ವರೆಗೆ ಅನ್ಯದೇಶೀಯನು ಭೂಮಿಯ ಪೂರ್ಣ ಸ್ವಾಮ್ಯವನ್ನು ಪಡೆಯುವಂತಿರಲಿಲ್ಲ. ಅವನು ಕೊಂಡ ನೆಲವನ್ನು ದೊರೆಯು ವಶಪಡಿಸಿಕೊಳ್ಳಬಹುದಾಗಿದ್ದಿತು. 1844ರ ಶಾಸನವು ಮಿತ್ರರಾಷ್ಟ್ರದವರಿಗೆ ವಾಸಕ್ಕಾಗಲಿ ವ್ಯಾಪಾರಕ್ಕಾಗಲಿ 21 ವರ್ಷಗಳ ಗುತ್ತಿಗೆಯನ್ನು ಮಾತ್ರ ಅನುಗ್ರಹಿಸಿತು. ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ಈಸ್ಟ್ ಇಂಡಿಯಾ ಕಂಪನಿಯವರು ತಾವು ಆಳುತ್ತಿದ್ದ ಭಾರತದಲ್ಲಿ ತಮ್ಮ ದೇಶದವರೇ ಭೂಮಿ ಹಿಡಿಯುವುದನ್ನು ಬಹುಕಾಲ ತಡೆದಿದ್ದರು. ಬಂಗಾಳದ ನೀಲಿ ಬೆಳೆಗಾರರಾದ ಐರೋಪ್ಯರು ತಮ್ಮ ಗುಮಾಸ್ತರ ಹೆಸರಿನಲ್ಲಿ ನೆಲವನ್ನು ಹಿಡಿದು ಕೆಲಸ ನಡೆಯಿಸುತ್ತಿದ್ದರು. 1829ರಲ್ಲಿ ಬೆಂಟಿಂಕನ ಸರಕಾರವು ಅವರಿಗೆ ಸ್ವಂತ ಹೆಸರಿನಲ್ಲಿ 60 ವರ್ಷಗಳ ವರೆಗಿನ ಗುತ್ತಿಗೆಯನ್ನು ಒಪ್ಪಿತು. 1837ರ ನಾಲ್ಕನೆಯ ಶಾಸನವು ಬ್ರಿಟಿಷ್ ಪ್ರಜೆಗಳೆಲ್ಲರಿಗೂ ಶಾಶ್ವತ ಸ್ವಾಮ್ಯದ ಬಾಗಿಲನ್ನು ತೆರೆಯಿತು. ಬೇನಾಮಿ, ಗುತ್ತಿಗೆ, ಸ್ವಾಮ್ಯ ಎಂಬ ಈ ಮೂರು ಮೆಟ್ಟಲುಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇವು ಬೇರೆ ವೇಷಗಳಲ್ಲಿ ಮರಳಿ ಬರುತ್ತವೆ.

ಮೈಸೂರು ಸಂಸ್ಥಾನದ ರೀತಿಯೇ ಬೇರೆ. ಇಲ್ಲಿ ಬೀಳುಭೂಮಿಯನ್ನು ಹಸನು ಮಾಡುವವನಿಗೆ ಶ್ರಾಯವೆಂಬ ಪದ್ಧತಿ ಮೊದಲಿನಿಂದಲೂ ಇದ್ದಿತು: ಮೊದಲ ವರ್ಷ ಅಲ್ಪ ಕಂದಾಯ, ವರ್ಷವರ್ಷಕ್ಕೂ ಏರುತ್ತ ನಾಲ್ಕೈದು ವರ್ಷಗಳಲ್ಲಿ ಪೂರ್ಣ ಕಂದಾಯ. ಪಾಳುಬಿದ್ದ ಗ್ರಾಮವನ್ನು ಎತ್ತಿ ನಿಲ್ಲಿಸುವವನಿಗೆ ಕಾಯಂಗುತ್ತವೆಂಬುದಿದ್ದಿತು. ಅದರಲ್ಲಿ ಹಣ ಎಂದೆಂದಿಗೂ ಗೊತ್ತಾದದ್ದು, ಹಕ್ಕು ವಂಶಪಾರಂಪರ್ಯವಾದದ್ದು. ಹೆಸರಿಗೆ ಗುತ್ತವಾದರೂ ಅನುಭವಕ್ಕೆ ಸ್ವಾಮ್ಯವೇ. ನೆಲಕ್ಕಿಂತ ನೆಲವನ್ನು ಉಳುವ ಕೈಗಳೇ ದುರ್ಲಭವಾಗಿದ್ದ ಕಾಲದಲ್ಲಿ ಹುಟ್ಟಿದ ಪದ್ಧತಿಗಳಿವು. ದೊರೆತನಕ್ಕೆ ಬೇಕಾಗಿದ್ದುದು ಬೆಳೆಯಲ್ಲಿ ಪಾಲು. ಉಳುವವನು ಯಾವ ಊರಿನವನೆಂಬುದು ಎರಡನೆಯ ಮಾತಾಗಿದ್ದಿತು.

ಐರೋಪ್ಯರು ಕಾಫಿಗಾಗಿ ಮಲೆನಾಡಿಗೆ ಬಂದಾಗ ಈ ಮನೋಧರ್ಮವೇ ಅವರಿಗೆ ಅನುಕೂಲವಾಯಿತು. 1830ರಲ್ಲಿ ಕ್ಯಾನನ್ ಎಂಬಾತನು ಬಾಬಾಬುಡನ್‌ಗಿರಿಯ ದಕ್ಷಿಣದ ಎತ್ತರದಲ್ಲಿ ತೋಟವನ್ನು ಮಾಡಿದನು. 1843ರಲ್ಲಿ ಗ್ರೀನ್ ಎಂಬಾತನು ಮಂಜರಾಬಾದಿನಲ್ಲಿ ಆರಂಭಿಸಿದನು. 1856ರ ಸುಮಾರಿಗೆ ಎಲಿಯಟ್ಟನು ಬಂದು, ಮುಂದೆ 1894ರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿ ಈ ಮೂರನ್ನೂ ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. ಇವರು ಸರಕಾರಕ್ಕೆ ಕೊಡುತ್ತಿದ್ದುದು ನೆಲದ ಬಾಡಿಗೆಯಾಗಿರದೆ ಹಾಲತ್ ಎಂಬ ಸುಂಕವಾಗಿದ್ದಿತು. ಮೊದಲು ಕಾಫಿಯ ಫಸಲಿನಲ್ಲಿ ಅರ್ಧ ಪಾಲು ಸರಕಾರಕ್ಕೆ ಸಲ್ಲುತ್ತಿದ್ದಿತು. 1838ರಲ್ಲಿ ಅದನ್ನು ಮಣಕ್ಕೆ ಒಂದು ರೂಪಾಯಿಯೆಂದು ಗೊತ್ತುಮಾಡಿದರು. 1843ರಲ್ಲಿ ಎಂಟಾಣೆಗೂ 1849ರಲ್ಲಿ ನಾಲ್ಕಾಣೆಗೂ ಇಳಿಸಿದರು. ಕಾಫಿ ಬೆಳೆಯದಿದ್ದರೆ ಕೊಡಬೇಕಾದುದು ಏನೂ ಇಲ್ಲ. ಬೆಳೆದರೆ ಗೋಣಿಯ ಲೆಕ್ಕ. ಬಂಡವಾಳ ಹೂಡುವವನಿಗೆ ಇದಕ್ಕಿಂತ ಹಿತವಾದ ಕರಾರನ್ನು ಊಹಿಸುವುದು ಕಷ್ಟ. ಗಿಡ ನೆಟ್ಟು ಫಲ ಬರುವ ವರೆಗಿನ ವರ್ಷಗಳ ಕಷ್ಟದಲ್ಲಿ ಸರಕಾರವೇ ಅವನ ಪಾಲುಗಾರನಾಗಿ ನಿಂತಿತೆನ್ನಬಹುದು. 1885ರಲ್ಲಿ ಹಾಲತ್ತನ್ನು ತೆಗೆದು ಎಕರೆಯ ಲೆಕ್ಕದ ಕಂದಾಯವನ್ನು ವಿಧಿಸಿದರು. ಅಂದಿನಿಂದ ತೋಟಗಾರನು ಕಂದಾಯ ಕಟ್ಟುವ ಇತರ ರೈತರ ಸಾಲಿಗೆ ಸೇರಿದನು. ಅವನ ತೋಟ ಮಾರಬಹುದಾದ, ಅಡವಿಡಬಹುದಾದ, ಮಕ್ಕಳಿಗೆ ಬಿಡಬಹುದಾದ ಸ್ವತ್ತಾಯಿತು. ಸ್ವಾತಂತ್ರ್ಯದ ಮುಂಚುಹಿಂಚಿನ ವರ್ಷಗಳಲ್ಲಿ ದೊರೆಗಳು ಮಾರಿ ಹೊರಟಾಗ ಆ ತೋಟಗಳನ್ನು ಕೊಂಡ ನಮ್ಮವರಿಗೆ ಹಕ್ಕು ಸುಲಭವಾಗಿ ದಾಟಿಬಂದುದಕ್ಕೆ ಇದೂ ಒಂದು ಕಾರಣ.

ವೈಟ್‌ಫೀಲ್ಡಿನ ಕಥೆಯು ಹೆಚ್ಚು ಕಡಿಮೆ ಎಲ್ಲರಿಗೂ ವಿದಿತವಾದುದೇ. 1882ರಲ್ಲಿ ಚಾಮರಾಜ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ವೈಟ್ ಎಂಬವರ ಹೆಸರು ಊರಿಗೆ ನಿಂತಿತು. ಅಲ್ಲಿ ನೆಲವನ್ನು ಪಡೆದುದು ಸಂಘ. ಒಕ್ಕಲಾದವರು ಸಂಘದ ಮೂಲಕ ನೆಲೆಸಿದವರು. ಬಿಡಿವ್ಯಕ್ತಿಗೆ ಕೊಡಲೊಲ್ಲದುದನ್ನು ಒಂದು ಸಮೂಹಕ್ಕೆ ಕೊಡುವ ಈ ಉಪಾಯವನ್ನು ಗಮನಿಸಬೇಕು.

ಸಮೂಹದ ಉಪಾಯವು ತನ್ನ ಪೂರ್ಣರೂಪವನ್ನು ತಾಳಿದುದು ಕೋಲಾರದ ಚಿನ್ನದ ಗಣಿಗಳಲ್ಲಿ. ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ಸೈನಿಕನು 1875ರಲ್ಲಿ ಅಗೆಯುವ ಅಪ್ಪಣೆಯನ್ನು ಪಡೆದನು. ಅಷ್ಟು ಆಳಕ್ಕೆ ಹೋಗುವ ಹಣ ಅವನಲ್ಲಿರಲಿಲ್ಲ. ಹಕ್ಕು ಕೈಯಿಂದ ಕೈಗೆ ದಾಟಿ, 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಸ್ಥಾಪಿತವಾಯಿತು. ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ಗಣಿಗಳ ಕೆಲಸವನ್ನು ವಹಿಸಿಕೊಂಡಿತು. ನೆಲ ಸಂಸ್ಥಾನದ್ದೇ. ಕಂಪನಿಗೆ ಸಿಕ್ಕಿದುದು ಗುತ್ತಿಗೆ. ತೆಗೆದ ಚಿನ್ನದ ಮೇಲೆ ರಾಜಧನ ಸಂಸ್ಥಾನಕ್ಕೆ. ಆದರೆ ಲಂಡನ್ನಿನ ಒಬ್ಬ ಗೃಹಸ್ಥನ ಪೆಟ್ಟಿಗೆಯಲ್ಲಿದ್ದುದು ಗುತ್ತಿಗೆಯೂ ಅಲ್ಲ, ನೆಲವೂ ಅಲ್ಲ, ಷೇರು ಪತ್ರ. ಕೋಲಾರವು ಯಾವ ದಿಕ್ಕಿನಲ್ಲಿದೆಯೆಂದು ತಿಳಿಯದಿದ್ದರೂ ಅವನಿಗೆ ಲಾಭಾಂಶ ಬರುತ್ತಿದ್ದಿತು. ಬೇಡವೆನಿಸಿದ ದಿನ ಪೇಟೆಯಲ್ಲಿ ಮಾರಬಹುದಾಗಿದ್ದಿತು. ಮಣ್ಣನ್ನು ಮುಟ್ಟದೆ ಮಣ್ಣಿನ ಫಲವನ್ನು ಹೊಂದುವ ಈ ಕೌಶಲವನ್ನು ನಮ್ಮ ನಾಡು ಮೊದಲು ಕಂಡುದು ಇಲ್ಲಿಯೇ ಎಂದರೂ ಸಲ್ಲುವುದು. 1956ರಲ್ಲಿ ಮೈಸೂರು ಸರಕಾರವು ಗಣಿಗಳನ್ನು ವಹಿಸಿಕೊಂಡಿತು. 2001ರಲ್ಲಿ ಗಣಿಗಳು ಮುಚ್ಚಿದುವು. ಲವೆಲ್ಲನ ಹೆಸರು ಬೆಂಗಳೂರಿನ ಒಂದು ರಸ್ತೆಗೆ ಉಳಿಯಿತು.

ಸ್ವತಂತ್ರ ಭಾರತದಲ್ಲಿ ಈ ವಿಷಯವು ಕಂದಾಯದ ಇಲಾಖೆಯಿಂದ ಹಣಕಾಸಿನ ಇಲಾಖೆಗೆ ದಾಟಿತು. ಪರದೇಶೀಯನು ಭೂಮಿಯನ್ನು ಕೊಂಡರೆ ನಾಳೆ ಅದನ್ನು ಮಾರಿ ಹಣವನ್ನು ಹೊರಗೆ ಒಯ್ಯುವನು, ದೇಶದ ವಿದೇಶೀ ನಾಣ್ಯದ ಬೊಕ್ಕಸ ಬರಿದಾಗುವುದು ಎಂಬುದೇ ಆಗಿನ ದೊಡ್ಡ ಚಿಂತೆ. 1973ರ ವಿದೇಶೀ ವಿನಿಮಯ ನಿಯಂತ್ರಣ ಶಾಸನದ 31ನೆಯ ಪ್ರಕರಣವು ಭಾರತದ ಪ್ರಜೆಯಲ್ಲದವನು ರಿಸರ್ವ್ ಬ್ಯಾಂಕಿನ ಪೂರ್ವಾನುಮತಿಯಿಲ್ಲದೆ ಇಲ್ಲಿಯ ಸ್ಥಿರಸ್ವತ್ತನ್ನು ಕೊಳ್ಳಬಾರದು, ಮಾರಬಾರದು, ದಾನ ಕೊಡಬಾರದು ಎಂದು ವಿಧಿಸಿತು. ಐದು ವರ್ಷ ಮೀರದ ಗುತ್ತಿಗೆಗೆ ಮಾತ್ರ ವಿನಾಯಿತಿ. ಇಂಗ್ಲೆಂಡಿನ ಆ 21 ವರ್ಷಗಳೆಲ್ಲಿ, ಬೆಂಟಿಂಕನ 60 ವರ್ಷಗಳೆಲ್ಲಿ, ಈ ಐದು ವರ್ಷಗಳೆಲ್ಲಿ!

ಈ ಪ್ರಕರಣದ ಹರಿತವನ್ನು ತೋರಿಸಲು ಬೆಂಗಳೂರಿನ ಒಂದು ವ್ಯಾಜ್ಯವೇ ಸಾಕು. ವಿದೇಶೀ ಪ್ರಜೆಯಾಗಿದ್ದ ಒಬ್ಬ ವಿಧವೆಗೆ ನಗರದಲ್ಲಿ ಸ್ವತ್ತಿದ್ದಿತು. ಆಕೆ 1977ರಲ್ಲಿ ಅದರ ಒಂದು ಭಾಗವನ್ನು ಒಬ್ಬರಿಗೆ ದಾನಪತ್ರದ ಮೂಲಕ ಕೊಟ್ಟರು. ರಿಸರ್ವ್ ಬ್ಯಾಂಕಿನ ಅನುಮತಿಯನ್ನು ಪಡೆದಿರಲಿಲ್ಲ. ಅನುಮತಿಯಿಲ್ಲದುದು ತಪ್ಪಿಗೆ ದಂಡ ತೆರಬೇಕಾದ ವಿಷಯವಷ್ಟೆ, ದಾನವು ಅದರಿಂದ ಕೆಡುವುದಿಲ್ಲ ಎಂಬ ವಾದವನ್ನು ಕೆಳಗಿನ ನ್ಯಾಯಾಲಯಗಳು ಒಪ್ಪಿದ್ದವು. 2021ರ ಫೆಬ್ರುವರಿ 26ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ತಳ್ಳಿಹಾಕಿತು: ಪೂರ್ವಾನುಮತಿಯು ಕಡ್ಡಾಯ, ಅದಿಲ್ಲದ ವರ್ಗಾವಣೆಯನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸಲಾರದು. ಹಾಗೆಯೇ ಆ ಮೊದಲು ಮುಗಿದುಹೋದ ಇತರ ವ್ಯವಹಾರಗಳನ್ನು ಈ ತೀರ್ಪಿನ ಬಲದಿಂದ ಮತ್ತೆ ಕೆದಕಬಾರದೆಂದೂ ಹೇಳಿತು. ಅದು ವಿವೇಕದ ಮಾತು. ಇಲ್ಲವಾಗಿದ್ದರೆ ದಂಡಿನ ಹಳೆಯ ಬಂಗಲೆಗಳಲ್ಲಿ ಎಷ್ಟರ ಅಸ್ತಿಭಾರ ಅಲುಗುತ್ತಿದ್ದಿತೋ. ಆದರೆ ಈ ವ್ಯಾಜ್ಯದಲ್ಲಿ ದಾನ ಪಡೆದವರ ಪಾಲಿಗೆ 44 ವರ್ಷಗಳ ಹಿಂದಿನ ಪತ್ರವು ಬರಿಯ ಕಾಗದವಾಯಿತು. ಆ ತೀರ್ಪು ಬರುವ ಹೊತ್ತಿಗೆ 1973ರ ಶಾಸನವೇ ರದ್ದಾಗಿ ಎರಡು ದಶಕಗಳು ಕಳೆದಿದ್ದವೆಂಬುದನ್ನೂ ನೆನೆಯಬೇಕು. ಶಾಸನ ಸತ್ತರೂ ಅದು ಕೆಡಿಸಿದ ಹಕ್ಕು ಬದುಕುವುದಿಲ್ಲ.

ಪೂರ್ಣ ಸ್ವಾಮ್ಯವಿದ್ದರೂ ಎಲ್ಲವೂ ಕ್ಷೇಮವೆಂದೇನೂ ಇಲ್ಲ. ಕನಕಪುರದ ರಸ್ತೆಯ ತಾತಗುಣಿ ಎಸ್ಟೇಟು ಬಿಳೇಕಹಳ್ಳಿಗೆ ದೂರವಲ್ಲ. ರಷ್ಯದಲ್ಲಿ 1904ರಲ್ಲಿ ಜನಿಸಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರೂ, 1945ರಲ್ಲಿ ಅವರ ಕೈಹಿಡಿದ ಪ್ರಸಿದ್ಧ ನಟಿ ದೇವಿಕಾ ರಾಣಿಯವರೂ ಅಲ್ಲಿ ಸುಮಾರು 470 ಎಕರೆಗಳಿಗೆ ಒಡೆಯರಾಗಿದ್ದರು. ಸುಗಂಧತೈಲಕ್ಕಾಗಿ ಲಿನಾಲೋ ಗಿಡಗಳನ್ನು ಬೆಳೆಯಿಸಿದರು. ಆ ಬೆಳೆಯ ನೆಲಕ್ಕೆ ಭೂಸುಧಾರಣೆಯ ಶಾಸನದಲ್ಲಿಯೇ ಒಂದು ವಿನಾಯಿತಿಯುಂಟಾಗಿದ್ದುದರಿಂದ ಅಷ್ಟು ವಿಸ್ತಾರವಾದ ಎಸ್ಟೇಟು ಒಟ್ಟಾಗಿ ಉಳಿಯಿತು. ಮಕ್ಕಳಿರಲಿಲ್ಲ. 1993ರ ಜನವರಿಯಲ್ಲಿ ಅವರೂ 1994ರ ಮಾರ್ಚಿಯಲ್ಲಿ ಇವರೂ ತೀರಿಕೊಂಡರು. ಕೊನೆಗಾಲದಲ್ಲಿ ಎಸ್ಟೇಟಿನ ಒಂದು ಭಾಗವು ಒಂದು ಕಂಪನಿಗೆ ಕ್ರಯವಾಗಿದ್ದಿತು. ಆ ಕ್ರಯದ ಮೇಲೂ ಉಳಿದ ಸ್ವತ್ತುಗಳ ಮೇಲೂ ವಿವಾದಗಳೆದ್ದವು. ಚಿತ್ರಗಳೂ ಕಲಾವಸ್ತುಗಳೂ ಚದರಿಹೋಗದಂತೆ 1996ರಲ್ಲಿ ರಾಜ್ಯದ ಶಾಸನ ಸಭೆಯು ಈ ಎಸ್ಟೇಟಿಗಾಗಿಯೇ ಒಂದು ಪ್ರತ್ಯೇಕ ಸ್ವಾಧೀನ ಶಾಸನವನ್ನು ಮಾಡಿತು. 2011ರ ಆಗಸ್ಟ್ 9ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು. ಸ್ವತ್ತನ್ನು ಕಸಿದುಕೊಳ್ಳಲು ಶಾಸನದ ಆಧಾರವೂ ಸಾರ್ವಜನಿಕ ಉದ್ದೇಶವೂ ಬೇಕು, ಪರಿಹಾರವು ತೋರಿಕೆಯದಾಗಬಾರದು ಎಂದು ಆ ತೀರ್ಪು ವಿವರಿಸಿದ ತತ್ತ್ವವನ್ನು ಇಂದಿಗೂ ದೇಶದ ನ್ಯಾಯಾಲಯಗಳು ಉದಾಹರಿಸುತ್ತವೆ. ನಮ್ಮ ತಾಲ್ಲೂಕಿನ ಒಂದು ತೋಟದಿಂದ ಇಡೀ ಭರತಖಂಡದ ಸ್ವತ್ತಿನ ನ್ಯಾಯಕ್ಕೆ ಒಂದು ಅಳತೆಗೋಲು ದೊರೆಯಿತು.

ಇನ್ನು ಅಡ್ಡದಾರಿಗಳ ಮಾತು. ನೀಲಿಯ ದೊರೆಗಳ ಬೇನಾಮಿಯು ನಮ್ಮ ಕಾಲದಲ್ಲಿ ಭಾವಮೈದುನನ ಹೆಸರಿನಲ್ಲೋ ಮನೆಯ ಕಾರುಭಾರಿಯ ಹೆಸರಿನಲ್ಲೋ ಮರಳಿತು. 1988ರ ಶಾಸನವು ಅದನ್ನು ನಿಷೇಧಿಸಿತು; 2016ರ ತಿದ್ದುಪಡಿಯು ಅಂಥ ಸ್ವತ್ತನ್ನು ಸರಕಾರವು ಮುಟ್ಟುಗೋಲು ಹಾಕಿಕೊಳ್ಳುವ ಕ್ರಮವನ್ನು ಬಲಪಡಿಸಿತು. ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ಬಹಳ ಬಳಕೆಯಲ್ಲಿದ್ದ ಜಿ.ಪಿ.ಎ. ಕ್ರಯವು, ಅಂದರೆ ಅಧಿಕಾರಪತ್ರವೊಂದನ್ನೇ ಬರೆಸಿಕೊಂಡು ನಿವೇಶನ ಕೊಂಡೆನೆಂದು ತಿಳಿಯುವ ರೂಢಿಯು, 2011ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮತ್ತೊಂದು ತೀರ್ಪಿನಿಂದ ಬಿದ್ದುಹೋಯಿತು: ರಿಜಿಸ್ಟರಾದ ಕ್ರಯಪತ್ರವಿಲ್ಲದೆ ಸ್ವಾಮ್ಯವಿಲ್ಲ. ಪರದೇಶದಲ್ಲಿರುವವರು ಈ ಎರಡು ದಾರಿಗಳನ್ನೂ ಅನುಕೂಲವೆಂದು ಹಿಡಿದು ಕೆಟ್ಟುದನ್ನು ಈ ಭಾಗದ ವಕೀಲರು ಚೆನ್ನಾಗಿ ಬಲ್ಲರು.

ಹಾಗಾದರೆ ರಾಜಮಾರ್ಗಗಳಾವುವು? 1999ರ ವಿದೇಶೀ ವಿನಿಮಯ ನಿರ್ವಹಣಾ ಶಾಸನವು 2000ದ ಜೂನ್ 1ರಿಂದ ಜಾರಿಗೆ ಬಂದಿತು. ಅದರಲ್ಲಿ ಮುಖ್ಯವಾದುದು ಪೌರತ್ವಕ್ಕಿಂತ ವಾಸ. ಉದ್ಯೋಗಕ್ಕಾಗಲಿ ವ್ಯಾಪಾರಕ್ಕಾಗಲಿ ಬಂದು, ಹಿಂದಿನ ಆರ್ಥಿಕ ವರ್ಷದಲ್ಲಿ 182 ದಿನಗಳಿಗಿಂತ ಹೆಚ್ಚು ಇಲ್ಲಿ ವಾಸಮಾಡಿದ ಪರದೇಶೀಯನು, ಕೆಲವು ಗೊತ್ತಾದ ದೇಶಗಳ ಪ್ರಜೆಯಾಗಿರದಿದ್ದರೆ, ಮನೆಯನ್ನು ಕೊಳ್ಳಬಹುದು. ಕೇವಲ ಪ್ರವಾಸಿಯಾಗಿ ಬಂದವನಿಗೆ ಈ ಹಕ್ಕಿಲ್ಲ. ಹೊರಗೆ ವಾಸಿಸುವ ಅನ್ಯದೇಶೀಯನಿಗೆ, ಭಾರತದ ಮೂಲವಿಲ್ಲದಿದ್ದರೆ, ಅದೇ ಐದು ವರ್ಷಗಳ ಗುತ್ತಿಗೆ. 2005ರಿಂದ ದೊರೆಯುತ್ತಿರುವ ಸಾಗರೋತ್ತರ ಭಾರತೀಯ ಪೌರರ ಚೀಟಿಯನ್ನು ಪಡೆದವರು ವಾಸದ ಮನೆಯನ್ನೂ ವ್ಯಾಪಾರದ ಕಟ್ಟಡವನ್ನೂ ಎಷ್ಟಾದರೂ ಕೊಳ್ಳಬಹುದು. ಕೃಷಿಭೂಮಿ, ಪ್ಲಾಂಟೇಷನ್, ತೋಟದಮನೆ ಇವನ್ನು ಮಾತ್ರ ಕೊಳ್ಳಬಾರದು. ಅವರ ಪತಿಯೋ ಪತ್ನಿಯೋ ಪೂರ್ಣ ಅನ್ಯದೇಶೀಯರಾಗಿದ್ದು, ವಿವಾಹವು ನೋಂದಣಿಯಾಗಿ ಎರಡು ವರ್ಷ ಕಳೆದಿದ್ದರೆ, ದಂಪತಿಗಳು ಜಂಟಿಯಾಗಿ ಒಂದು ಸ್ವತ್ತನ್ನು ಪಡೆಯಬಹುದೆಂಬ ನಿಯಮವೂ ಇದೆ. 2020ರಲ್ಲಿ ಕರ್ನಾಟಕವು ಭೂಸುಧಾರಣೆಯ ಶಾಸನದ 79-ಎ ಮತ್ತು 79-ಬಿ ಪ್ರಕರಣಗಳನ್ನು ತೆಗೆದುಹಾಕಿ ರೈತರಲ್ಲದವರಿಗೂ ಹೊಲಗದ್ದೆಗಳ ಬಾಗಿಲನ್ನು ತೆರೆದಾಗ, ಪರದೇಶದಲ್ಲಿರುವ ಅನೇಕರು ತಮಗೂ ತೆರೆಯಿತೆಂದು ಹಿಗ್ಗಿದರು. ತೆರೆದುದು ರಾಜ್ಯದ ಬಾಗಿಲು. ಕೇಂದ್ರದ ಬಾಗಿಲಿಗೆ ಹಾಕಿದ ಚಿಲಕ ಹಾಗೆಯೇ ಇದೆ.

ನೆಲದ ಬದಲು ಫಲವನ್ನು ಹಿಡಿಯುವ ಕೋಲಾರದ ದಾರಿಯೂ ಹೊಸ ಉಡುಪಿನಲ್ಲಿ ಬಂದಿದೆ. ನೆಲವನ್ನು ಕೊಂಡು ಮಾರುವ ವ್ಯಾಪಾರಕ್ಕೆ ವಿದೇಶದ ಬಂಡವಾಳ ಬರಕೂಡದು. ಆದರೆ ಬಡಾವಣೆ, ಮನೆ, ಕಚೇರಿಗಳನ್ನು ನಿರ್ಮಿಸುವ ಕಂಪನಿಗಳಿಗೆ 2005ರಿಂದ ನೂರಕ್ಕೆ ನೂರು ಬರಬಹುದು. 2014ರಲ್ಲಿ ರೀಟ್ ಎಂಬ ಸ್ಥಿರಸ್ವತ್ತಿನ ಹೂಡಿಕೆ ನ್ಯಾಸಗಳಿಗೆ ನಿಯಮಗಳಾದುವು. ಬಾಡಿಗೆ ತರುವ ದೊಡ್ಡ ಕಟ್ಟಡಗಳು ನ್ಯಾಸದ ಕೈಯಲ್ಲಿರುತ್ತವೆ. ಬಂದ ಹಣದಲ್ಲಿ ಕನಿಷ್ಠ ನೂರಕ್ಕೆ ತೊಂಬತ್ತು ಪಾಲನ್ನು ಯೂನಿಟ್ ಹಿಡಿದವರಿಗೆ ಹಂಚಬೇಕು. ದೇಶದ ಮೊದಲನೆಯ ರೀಟ್ ಬೆಂಗಳೂರಿನದೇ: ಎಂಬೆಸಿ ಸಂಸ್ಥೆಯೂ ಅಮೆರಿಕಾದ ಬ್ಲಾಕ್‌ಸ್ಟೋನ್ ಸಂಸ್ಥೆಯೂ ಸೇರಿ ಸ್ಥಾಪಿಸಿದ ಈ ನ್ಯಾಸದ ಯೂನಿಟ್ಟುಗಳು 2019ರ ಏಪ್ರಿಲ್ 1ರಂದು ಪೇಟೆಗೆ ಬಂದುವು. ಅದರ ಬುನಾದಿ 1882ರ ನ್ಯಾಸ ಶಾಸನ. ವೈಟ್‌ಫೀಲ್ಡಿನ ದಾನವಾದುದೂ, ಗುತ್ತಿಗೆಯ ಲಕ್ಷಣವನ್ನು ಹೇಳಿದ ಶಾಸನವಾದುದೂ ಅದೇ ವರ್ಷ. ಲಂಡನ್ನಿನಲ್ಲೋ ಸಿಂಗಪುರದಲ್ಲೋ ಇರುವವನು ಈಗ ನಾಗವಾರದ ಮಾನ್ಯತಾ ಪಾರ್ಕಿನ ಬಾಡಿಗೆಯಲ್ಲಿ ಪಾಲುಗಾರನಾಗಬಹುದು. ಅಲ್ಲಿಯ ಒಂದು ಗೇಣು ನೆಲಕ್ಕೂ ಅವನು ಒಡೆಯನಲ್ಲ.

ಹೂಡಿಕೆಗಾಗಿ ಮಾತ್ರ ಬರುವ ಅನ್ಯದೇಶೀಯನಿಗೆ ಇದೇ ಉಚಿತವಾದ ಮಾರ್ಗವೆಂದು ನನಗೆ ತೋರುತ್ತದೆ. ಅವನಿಗೆ ಬೇಕಾದುದು ಆದಾಯ. ಬೇಕಾದಾಗ ಬಿಟ್ಟುಹೋಗುವ ಸ್ವಾತಂತ್ರ್ಯವೂ ಅವನಿಗಿದೆ. ಒಂದು ಕೊರತೆಯನ್ನು ಮಾತ್ರ ಹೇಳದಿರಲಾಗದು. ಕಾಫಿಯ ದೊರೆ ಒಳ್ಳೆಯವನೋ ಕೆಟ್ಟವನೋ, ಕುದುರೆಯ ಮೇಲೆ ಊರಿಗೆ ಬರುತ್ತಿದ್ದನು. ದಾರಿ ಕಟ್ಟಿದನೆಂದೋ ನೀರು ತಿರುಗಿಸಿದನೆಂದೋ ಅವನನ್ನು ನಿಲ್ಲಿಸಿ ಕೇಳಬಹುದಾಗಿದ್ದಿತು. ಸಾವಿರಾರು ಯೂನಿಟ್ಟುಗಳಲ್ಲಿ ಹಂಚಿಹೋದ ಒಡೆತನವನ್ನು ಯಾರೂ ನಿಲ್ಲಿಸಿ ಕೇಳಲಾರರು.

ಮಗಳು ಪರದೇಶದ ಪ್ರಜೆಯಾದ ಮನೆಯವರಿಗೆ ಯೂನಿಟ್ಟಿನ ಮಾತು ಬೇಕಾದುದಲ್ಲ. ಅವರ ಕಾಳಜಿ ತಂದೆ ಕಟ್ಟಿಸಿದ ಮನೆ. ಇಲ್ಲಿ ಶಾಸನವು ಮೃದುವಾಗಿದೆ. ಭಾರತದಲ್ಲಿ ವಾಸವಾಗಿದ್ದವರಿಂದ ಉತ್ತರಾಧಿಕಾರವಾಗಿ ಬಂದ ಸ್ವತ್ತನ್ನು ಪರದೇಶದಲ್ಲಿ ವಾಸಿಸುವವರು ಹೊಂದಿರಬಹುದೆಂದು 1999ರ ಶಾಸನದ ಆರನೆಯ ಪ್ರಕರಣದ ಐದನೆಯ ಉಪಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ತಾನು ಇಲ್ಲಿ ವಾಸವಾಗಿದ್ದಾಗ ಕೊಂಡುದನ್ನೂ ಆಕೆ ಉಳಿಸಿಕೊಳ್ಳಬಹುದು. ಕೊಳ್ಳಲು ನಿಷಿದ್ಧವಾದ ಹೊಲವೂ ಉತ್ತರಾಧಿಕಾರದಿಂದ ಬಂದರೆ ಆಕೆಯದೇ. ಮಾರುವಾಗ ಮಾತ್ರ ಭಾರತದಲ್ಲಿ ವಾಸವಾಗಿರುವವರಿಗೇ ಮಾರಬೇಕು. ಮಾರಿದ ಹಣವನ್ನು ಎನ್.ಆರ್.ಓ. ಖಾತೆಯ ಮೂಲಕ ವರ್ಷಕ್ಕೆ ಹತ್ತು ಲಕ್ಷ ಡಾಲರುಗಳ ವರೆಗೆ, ತೆರಿಗೆ ಕಟ್ಟಿದ ಮೇಲೆ, ಹೊರಗೆ ಒಯ್ಯಬಹುದು. ಇದಕ್ಕೆಲ್ಲ ಬೇಕಾದುದು ಬಿಳೇಕಹಳ್ಳಿಯ ಆ ಹಳೆಯ ಕಾಗದಗಳೇ: ತಂದೆಯ ಕ್ರಯಪತ್ರ, ವಿಭಾಗಪತ್ರ, ಭೂಪರಿವರ್ತನೆಯ ಆಜ್ಞೆ, ಖಾತೆ, ಕಂದಾಯದ ರಸೀತಿಗಳು, ಇದ್ದರೆ ಉಯಿಲು. ಇವುಗಳಲ್ಲಿ ಉಯಿಲನ್ನು ಬರೆದಿಡುವುದು ತಂದೆತಾಯಿಗಳ ಜೀವಿತಕಾಲದಲ್ಲಿಯೇ ಆಗಬೇಕಾದ ಕೆಲಸ.